ನೀರು ಹಸಿರಾದರೆ ಯಾರಿಗೆ ಫೋನ್ ಮಾಡೋದು?

ಮೊದಲ ಮಳೆ ಬಿದ್ದಾಗ ಬರುವ ಮಣ್ಣಿನ ವಾಸನೆ ಎಲ್ಲರಿಗೂ ಇಷ್ಟ. ಅದೇ ವಾಸನೆ ಕುಡಿಯುವ ನೀರಿನ ಲೋಟದಿಂದ ಬಂದರೆ ಮುಖ ಸಿಂಡರಿಸುತ್ತೇವೆ. ಎರಡಕ್ಕೂ ಕಾರಣ ಒಂದೇ ವಸ್ತು, ಹೆಸರು ಜಿಯೋಸ್ಮಿನ್. ಮಣ್ಣಿನಲ್ಲಿ ಅದನ್ನು ಮಾಡೋದು ಒಂದು ಜಾತಿಯ ಸೂಕ್ಷ್ಮಾಣು. ಕೆರೆ, ಜಲಾಶಯಗಳಲ್ಲಿ ಮಾಡೋದು ನೀಲಿ-ಹಸಿರು ಪಾಚಿ. ಒಂದು ಗ್ರಾಂ ಜಿಯೋಸ್ಮಿನ್ ಅನ್ನು ಹತ್ತು ಕೋಟಿ ಭಾಗ ಮಾಡಿ, ಅದರಲ್ಲಿ ಒಂದೇ ಒಂದು ಭಾಗ ಒಂದು ಲೀಟರ್ ನೀರಿನಲ್ಲಿದ್ದರೂ ನಮ್ಮ ಮೂಗು ಹಿಡಿದುಬಿಡುತ್ತದೆ. ಅಷ್ಟು ಚುರುಕು.

ಜಿಯೋಸ್ಮಿನ್‌ನಿಂದ ಆರೋಗ್ಯಕ್ಕೇನೂ ತೊಂದರೆ ಇಲ್ಲ. ಆದರೆ ಅದನ್ನು ಮಾಡುವ ಪಾಚಿಯ ಬಳಗದಲ್ಲೇ ಲಿವರ್ ಹಾಳುಮಾಡುವ ವಿಷ ತಯಾರಿಸುವವೂ ಇವೆ. ಆ ವಿಷಕ್ಕೆ ವಾಸನೆ ಇಲ್ಲ, ಬಣ್ಣವೂ ಇಲ್ಲ. ಮೂಗಿಗೆ ಸಿಗೋದು ಒಂದು, ಹೊಟ್ಟೆಗೆ ಹೋಗೋದು ಇನ್ನೊಂದು.

ನಾನು ಈ ವಿಷಯದ ಬೆನ್ನು ಹತ್ತಿದ್ದು ನಮ್ಮ ದೊಡ್ಡಪ್ಪನಿಂದಾಗಿ. ನಮ್ಮ ಮನೆ ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ. ಬೆಂಗಳೂರಿನ ಕಂಪನಿಯ ಕೆಲಸವನ್ನು ಮಹಡಿ ಮೇಲಿನ ರೂಮಿನಲ್ಲೇ ಕೂತು ಮಾಡುತ್ತೇನೆ. ಹಾಗಾಗಿ ವಾರಕ್ಕೆರಡು ದಿನ ದೊಡ್ಡಪ್ಪನನ್ನು ಡಯಾಲಿಸಿಸ್‌ಗೆ ಕರಕೊಂಡು ಹೋಗುವ ಕೆಲಸ ನನ್ನ ಪಾಲಿನದು. ನಾಲ್ಕು ಗಂಟೆ ಹೊರಗೆ ಕಾಯಬೇಕು. ಒಂದಿನ ಬೇಜಾರಾಗಿ ಅಲ್ಲಿನ ಟೆಕ್ನಿಶಿಯನ್ ಹುಡುಗನನ್ನು ಕೇಳಿದೆ, "ಒಬ್ಬರಿಗೆ ಎಷ್ಟು ನೀರು ಬೇಕಾಗುತ್ತಪ್ಪ ಇದಕ್ಕೆ?" ಅಂತ.

"ನಿಮಿಷಕ್ಕೆ ಅರ್ಧ ಲೀಟರ್ ಅಕ್ಕ. ನಾಲ್ಕು ತಾಸಿಗೆ ನೂರಿಪ್ಪತ್ತು ಲೀಟರ್. ಬರ್ರಿ, ತೋರಿಸ್ತೀನಿ" ಅಂದ.

ಹಿಂದಿನ ಕೋಣೆಯಲ್ಲಿ ಮರಳಿನ ಫಿಲ್ಟರು, ಇದ್ದಿಲಿನ ಫಿಲ್ಟರು, ಮೆದು ನೀರಿನ ಯಂತ್ರ, ಕೊನೆಗೆ ಆರ್‌ಒ. "ನಾವು ಕುಡಿಯೋ ನೀರು ಹೊಟ್ಟೆಗೆ ಹೋಗ್ತೈತೆ. ಇದು ರಕ್ತದ ಪಕ್ಕಕ್ಕೇ ಹೋಗ್ತೈತೆ. ನಡುವೆ ಒಂದು ತೆಳ್ಳನೆ ಪೊರೆ ಅಷ್ಟೇ. ಅದಕ್ಕೇ ಇಷ್ಟೆಲ್ಲ" ಅಂದ. ಅವನು ಹೇಳಿದ್ದು ಸರಿ. ಆರೋಗ್ಯವಂತರು ದಿನಕ್ಕೆ ಎರಡು-ಮೂರು ಲೀಟರ್ ಕುಡಿದರೆ, ಡಯಾಲಿಸಿಸ್ ಮಾಡಿಸಿಕೊಳ್ಳುವವರ ರಕ್ತ ಒಂದೇ ಕೂರಿಗೆಗೆ ಅದರ ನಲವತ್ತು ಪಟ್ಟು ನೀರಿನ ಪಕ್ಕದಲ್ಲಿ ಹಾದು ಬರುತ್ತದೆ.

ಅವತ್ತು ರಾತ್ರಿ ಡಯಾಲಿಸಿಸ್ ನೀರಿನ ಬಗ್ಗೆ ಓದುತ್ತಾ ಹೋದಾಗ ಸಿಕ್ಕಿದ್ದು ಬ್ರೆಜಿಲ್ ದೇಶದ ಕರುವಾರು ಎಂಬ ಊರು. 1996ರಲ್ಲಿ ಅಲ್ಲಿನ ಒಂದು ಡಯಾಲಿಸಿಸ್ ಕೇಂದ್ರಕ್ಕೆ ಜಲಾಶಯದ ನೀರು ಟ್ಯಾಂಕರ್ ಲಾರಿಯಲ್ಲಿ ಬರುತ್ತಿತ್ತು. ಪೂರ್ತಿ ಶುದ್ಧಿಯಾಗದ ನೀರು. ಜಲಾಶಯದಲ್ಲಿ ನೀಲಿ-ಹಸಿರು ಪಾಚಿ ಬೆಳೆದಿತ್ತು. ನೂರಕ್ಕೂ ಹೆಚ್ಚು ರೋಗಿಗಳಿಗೆ ತಲೆನೋವು, ವಾಂತಿ, ಕಣ್ಣು ಮಂಜಾಗುವುದು ಶುರುವಾಯಿತು. ಆಮೇಲೆ ಲಿವರ್ ಕೈಕೊಟ್ಟಿತು. 50ಕ್ಕೂ ಹೆಚ್ಚು ಜನ ತೀರಿಕೊಂಡರು. ಅವರ ಲಿವರ್‌ನಲ್ಲಿ ಸಿಕ್ಕಿದ್ದು ಮೈಕ್ರೋಸಿಸ್ಟಿನ್ ಎಂಬ ಪಾಚಿ ವಿಷ.

ಟ್ಯಾಂಕರ್ ಲಾರಿ ಅನ್ನೋ ಪದದ ಹತ್ತಿರ ನಾನು ನಿಂತುಬಿಟ್ಟೆ. ಬೇಸಿಗೆಯಲ್ಲಿ ನಮ್ಮ ಬೀದಿಗೂ ಟ್ಯಾಂಕರ್ ಬರುತ್ತದೆ. ನಿಮ್ಮ ಅಪಾರ್ಟ್‌ಮೆಂಟಿಗೂ ಬರುತ್ತಿರಬಹುದು.

ಹಾಲು ಉಕ್ಕಿದ ಹಾಗೆ

ಇಂಗ್ಲಿಷಿನಲ್ಲಿ ಇದಕ್ಕೆ ಆಲ್ಗಲ್ ಬ್ಲೂಮ್ ಅಂತಾರೆ. ಪಾಚಿ ಹೂ ಬಿಡೋದು ಅಂತ ಕನ್ನಡಕ್ಕೆ ತಂದರೆ ಕೇಳೋಕೆ ಚೆಂದ, ಆದರೆ ಆಗುವುದು ಹೂವಿನ ಕೆಲಸ ಅಲ್ಲ. ಒಲೆ ಮೇಲಿನ ಹಾಲು ಅಲ್ಲಿವರೆಗೂ ಸುಮ್ಮನಿದ್ದು ಒಂದೇ ಸಲಕ್ಕೆ ಉಕ್ಕುತ್ತದಲ್ಲ, ಹಾಗೆ. ನಾನು ಪಾಚಿ ಉಕ್ಕು ಅಂತಲೇ ಬರೆಯುತ್ತೇನೆ.

ಉಕ್ಕೋದಕ್ಕೆ ಬೇಕಾಗುವುದು ಬಿಸಿಲು, ನಿಂತ ನೀರು ಮತ್ತು ಊಟ. ಊಟ ಅಂದರೆ ಸಾರಜನಕ ಮತ್ತು ರಂಜಕ. ಈ ಎರಡರಲ್ಲಿ ಯಾರು ದೊಡ್ಡ ಅಪರಾಧಿ ಅಂತ ಕೆನಡಾದ ವಿಜ್ಞಾನಿಗಳು 1973ರಲ್ಲಿ ಒಂದು ಕೆರೆಯನ್ನೇ ಎರಡು ಭಾಗ ಮಾಡಿ ನೋಡಿದರು. ಡೇವಿಡ್ ಶಿಂಡ್ಲರ್ ಎಂಬುವರ ತಂಡ. 226ನೇ ನಂಬರಿನ ಕೆರೆಯ ಮಧ್ಯೆ ಪ್ಲಾಸ್ಟಿಕ್ ಪರದೆ ಇಳಿಬಿಟ್ಟು, ಒಂದು ಕಡೆ ಇಂಗಾಲ ಮತ್ತು ಸಾರಜನಕ ಹಾಕಿದರು. ಇನ್ನೊಂದು ಕಡೆ ಅವೆರಡರ ಜೊತೆ ರಂಜಕವನ್ನೂ ಹಾಕಿದರು. ರಂಜಕ ಬಿದ್ದ ಕಡೆ ನೀರು ದಪ್ಪ ಹಸಿರಾಯಿತು, ಪರದೆಯ ಆ ಕಡೆ ತಿಳಿಯಾಗೇ ಉಳಿಯಿತು. ವಿಮಾನದಿಂದ ತೆಗೆದ ಆ ಒಂದು ಫೋಟೋ ಸಾಬೂನು ಕಂಪನಿಗಳ ಎಷ್ಟೋ ವಾದಗಳನ್ನು ಮುಗಿಸಿತು. ಡಿಟರ್ಜೆಂಟ್ ಪುಡಿಯಲ್ಲಿ ರಂಜಕ ಕಡಿಮೆ ಮಾಡಿ ಅನ್ನುವ ಕಾನೂನುಗಳು ಹಲವು ದೇಶಗಳಲ್ಲಿ ಬಂದವು. ಸಾರಜನಕವೂ ಪೂರ್ತಿ ನಿರಪರಾಧಿ ಅಲ್ಲ ಅಂತ ಆಮೇಲಿನ ಸಂಶೋಧನೆಗಳು ಹೇಳಿವೆ, ಅದು ಬೇರೆ ಕಥೆ.

ಈಗ ನಮ್ಮ ನಕ್ಷೆ ನೋಡಿ. ಕೂಡಲಿಯಲ್ಲಿ ತುಂಗೆ-ಭದ್ರೆ ಸೇರುವ ಹೊತ್ತಿಗೆ ಶಿವಮೊಗ್ಗ, ಭದ್ರಾವತಿ ಎರಡೂ ಊರುಗಳ ಕೊಳಚೆಯನ್ನು ಹೊಳೆ ನೋಡಿಯಾಗಿರುತ್ತದೆ. ಕೆಳಗೆ ಹರಿಹರ. ಹರಿಹರದ ಪಕ್ಕದ ರಾಜನಹಳ್ಳಿಯಿಂದ ದಾವಣಗೆರೆಗೆ ಹೊಳೆ ನೀರು ಬರುತ್ತದೆ. ಭದ್ರಾ ನಾಲೆಯ ನೀರು ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆ ತುಂಬಿಸುತ್ತದೆ, ಅದೂ ನಮ್ಮ ನಲ್ಲಿಗೇ. ನಾಲೆ ಬರುವ ದಾರಿಯುದ್ದಕ್ಕೂ ಭತ್ತ. ಭತ್ತದ ಗದ್ದೆಯಲ್ಲಿ ಬಸಿದ ನೀರು ಹಳ್ಳ ಸೇರಿ ಮತ್ತೆ ಹೊಳೆಗೆ. ನಾಲೆ ಬಂದ್ ಆದಾಗ ಕೆರೆಯ ನೀರು ನಿಲ್ಲುತ್ತದೆ. ಏಪ್ರಿಲ್‌ನಲ್ಲಿ ದಾವಣಗೆರೆಯ ಬಿಸಿಲು ಹೇಗಿರುತ್ತೆ ಅಂತ ನಾನು ಹೇಳಬೇಕಾಗಿಲ್ಲ. ಬಿಸಿಲು, ನಿಂತ ನೀರು, ಊಟ, ಮೂರೂ ಒಟ್ಟಿಗೆ ಸೇರಲು ನಮ್ಮಲ್ಲಿ ವರ್ಷಕ್ಕೆ ಮೂರು ತಿಂಗಳು ಸಲೀಸಾಗಿ ಸಿಗುತ್ತವೆ.

ಇವೆಲ್ಲ ಕೊನೆಗೆ ಹೋಗಿ ನಿಲ್ಲೋದು ಹೊಸಪೇಟೆಯ ತುಂಗಭದ್ರಾ ಜಲಾಶಯದಲ್ಲಿ. ಅಲ್ಲಿನ ನೀರು ಹಸಿರಾಗಿ ಕಂಡ ಸುದ್ದಿ, ಫೋಟೋ ಇತ್ತೀಚಿನ ವರ್ಷಗಳಲ್ಲಿ ಒಂದಕ್ಕಿಂತ ಹೆಚ್ಚು ಸಲ ಪತ್ರಿಕೆಗಳಲ್ಲಿ ಬಂದಿದೆ. ವಾಟ್ಸಾಪಿನಲ್ಲಿ ನೀವೂ ನೋಡಿರಬಹುದು. ಪ್ರತಿ ಸಲವೂ ಅದೇ ಕ್ರಮ. ಫೋಟೋ, ಆತಂಕ, ಯಾರೋ ಸ್ಯಾಂಪಲ್ ತೆಗೆದುಕೊಂಡು ಹೋದರು ಅನ್ನುವ ಸುದ್ದಿ, ಆಮೇಲೆ ಮಳೆ.

ಹರಿಹರದ ಹಿರಿಯರಿಗೆ ಹೊಳೆ ಕೆಟ್ಟಿದ್ದು ಹೊಸದಲ್ಲ. 1980ರ ದಶಕದಲ್ಲಿ ಎದುರು ದಡದ ಕುಮಾರಪಟ್ಟಣದ ಕಾರ್ಖಾನೆಯ ತ್ಯಾಜ್ಯದ ವಿರುದ್ಧ ನಡೆದ ಹೋರಾಟ, ಸತ್ತು ತೇಲಿದ ಮೀನು, ಎಸ್.ಆರ್. ಹಿರೇಮಠ ಮತ್ತು ಸಮಾಜ ಪರಿವರ್ತನ ಸಮುದಾಯದ ಕೆಲಸ, ಇವೆಲ್ಲ ಅವರ ನೆನಪಿನಲ್ಲಿವೆ. ಆದರೆ ಒಂದು ವ್ಯತ್ಯಾಸ ಇದೆ. ಅಲ್ಲಿ ಪ್ರತಿಭಟನೆಗೆ ಹೋಗಿ ನಿಲ್ಲಲು ಒಂದು ಗೇಟಿತ್ತು. ಪಾಚಿಗೆ ಗೇಟಿಲ್ಲ. ಅದರ ಊಟಕ್ಕೆ ನಾನು ಬಟ್ಟೆ ಒಗೆದ ನೀರೂ ಹೋಗಿದೆ, ನಮ್ಮ ಸೋದರಮಾವನ ಗದ್ದೆಯ ಡಿಎಪಿಯೂ ಹೋಗಿದೆ, ನಿಮ್ಮ ಮನೆಯ ಶೌಚಾಲಯವೂ ಬಿಟ್ಟಿಲ್ಲ.

ಅಳೆಯೋದು ಒಂದು, ಇರೋದು ಇನ್ನೊಂದು

ನಮ್ಮಲ್ಲಿ ನೀರು ಅಳೆಯುವವರೇ ಇಲ್ಲ ಅಂದುಕೊಳ್ಳಬೇಡಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ರಾಷ್ಟ್ರೀಯ ನೀರಿನ ಗುಣಮಟ್ಟ ಕಾರ್ಯಕ್ರಮ ದಶಕಗಳಿಂದ ನಡೆಯುತ್ತಿದೆ. ರಾಜ್ಯ ಮಂಡಳಿಯವರು ಹೊಳೆ, ಕೆರೆಗಳ ಮಾದರಿ ತೆಗೆದು ಎ ಇಂದ ಇ ವರೆಗೆ ದರ್ಜೆ ಕೊಡುತ್ತಾರೆ. ಎ ಅಂದರೆ ಸೋಂಕು ನಿವಾರಣೆ ಮಾಡಿ ಕುಡಿಯಬಹುದು. ಸಿ ಅಂದರೆ ಮಾಮೂಲಿ ಶುದ್ಧೀಕರಣವನ್ನೂ ಮಾಡಿ ಕುಡಿಯಬೇಕು. 2018ರಲ್ಲಿ ದೇಶದ 351 ನದಿ ಭಾಗಗಳು ಮಲಿನ ಅಂತ ಪಟ್ಟಿಯಾಯಿತು. ಕರ್ನಾಟಕದ ಪಾಲು 17, ಅದರಲ್ಲಿ ತುಂಗಭದ್ರೆಯೂ ಇದೆ. ಅದಕ್ಕೂ ಹಿಂದೆಯೇ ರಾಷ್ಟ್ರೀಯ ನದಿ ಸಂರಕ್ಷಣಾ ಯೋಜನೆಯಲ್ಲಿ ದಾವಣಗೆರೆ, ಹರಿಹರ ಎರಡೂ ಊರುಗಳ ಹೆಸರಿತ್ತು.

ತೊಡಕು ಎಲ್ಲಿ ಅಂದರೆ, ಈ ದರ್ಜೆ ನಿಂತಿರುವುದು ಮುಖ್ಯವಾಗಿ ಕರಗಿದ ಆಮ್ಲಜನಕ, ಬಿಒಡಿ, ಪಿಎಚ್, ಕೋಲಿಫಾರ್ಮ್ ಮೇಲೆ. ಕೊಳಚೆ ಹಿಡಿಯಲು ಇವು ಒಳ್ಳೆಯ ಅಳತೆಗಳು. ಪಾಚಿ ವಿಷಯದಲ್ಲಿ ಅದೇ ಅಳತೆ ಆಟ ಆಡಿಸುತ್ತದೆ. ಹೇಗೆ ನೋಡಿ. ಪಾಚಿ ಹಗಲಲ್ಲಿ ಬಿಸಿಲು ಕುಡಿದು ಆಮ್ಲಜನಕ ಬಿಡುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ಹೋಗಿ ಅಳೆದರೆ ಆಮ್ಲಜನಕ ಭರ್ಜರಿ, ಕಾಗದದ ಮೇಲೆ ನೀರು ಫಸ್ಟ್ ಕ್ಲಾಸ್. ರಾತ್ರಿ ಅದೇ ಪಾಚಿ ಆಮ್ಲಜನಕ ಉಸಿರಾಡಿ ಖಾಲಿ ಮಾಡುತ್ತದೆ. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ. ಮೀನು ಸಾಯುವ ಹೊತ್ತಿಗೆ ಅಳೆಯುವವರು ಮನೆಯಲ್ಲಿ ನಿದ್ದೆ ಮಾಡುತ್ತಿರುತ್ತಾರೆ. ಇದು ಅವರ ತಪ್ಪಲ್ಲ. ಅವರಿಗೆ ಕೊಟ್ಟಿರುವ ಫಾರಂನಲ್ಲಿ ಆ ಪ್ರಶ್ನೆಯೇ ಇಲ್ಲ.

ಕುಡಿಯುವ ನೀರಿನ ಮಾನದಂಡ ಐಎಸ್ 10500, 2012ರದು. ನೀರಿನಲ್ಲಿ ಪಾಚಿಯಂಥ ಸೂಕ್ಷ್ಮಜೀವಿಗಳು ಇರದಿದ್ದರೆ ಒಳ್ಳೆಯದು ಅನ್ನುತ್ತದೆ. ಸೀಸಕ್ಕೆ, ಪಾದರಸಕ್ಕೆ, ಆರ್ಸೆನಿಕ್‌ಗೆ ಇಷ್ಟೇ ಇರಬೇಕು ಅಂತ ಅಂಕಿ ಕೊಡುತ್ತದೆ. ಮೈಕ್ರೋಸಿಸ್ಟಿನ್‌ಗೆ ಅಂಕಿ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲೇ ಅಂಕಿ ಕೊಟ್ಟಿದೆ: ಲೀಟರಿಗೆ 1 ಮೈಕ್ರೋಗ್ರಾಂ. ಅಂದರೆ ಹತ್ತು ಸಾವಿರ ಲೀಟರಿನ ನೂರು ಟ್ಯಾಂಕರ್‌ಗಳಿಗೆಲ್ಲ ಸೇರಿ ಒಂದೇ ಗ್ರಾಂ. 2020ರಲ್ಲಿ ಅದರ ಜೊತೆಗೆ, ಕೆಲವೇ ದಿನಗಳ ಮಟ್ಟಿಗಾದರೆ 12 ಮೈಕ್ರೋಗ್ರಾಂವರೆಗೆ ಅಂತ ಇನ್ನೊಂದು ಅಂಕಿ ಸೇರಿಸಿದರು. ಈ ಎರಡನೇ ಅಂಕಿ ನನಗೆ ಬಹಳ ಉಪಯುಕ್ತ ಅನ್ನಿಸುತ್ತದೆ. ಊರಿಗೆ ನೀರು ಬಿಡುವ ಇಂಜಿನಿಯರ್‌ಗೆ ಬೇಕಾಗಿರುವುದು ಇಂಥದ್ದೇ: ಇವತ್ತು ಬಿಡಬಹುದಾ, ನಿಲ್ಲಿಸಬೇಕಾ?

ಅಂಕಿ ಇಲ್ಲದಿದ್ದರೆ ಪರೀಕ್ಷೆ ಇಲ್ಲ. ಪರೀಕ್ಷೆ ಇಲ್ಲದಿದ್ದರೆ ಲ್ಯಾಬ್ ಯಾಕೆ ಕಟ್ಟುತ್ತಾರೆ? ಲ್ಯಾಬ್ ಇಲ್ಲದಿದ್ದರೆ ದಾಖಲೆ ಇಲ್ಲ, ದಾಖಲೆ ಇಲ್ಲದಿದ್ದರೆ ಸಮಸ್ಯೆಯೇ ಇಲ್ಲ. ಸರ್ಕಾರಿ ಭಾಷೆಯಲ್ಲಿ ಇದಕ್ಕಿಂತ ನೆಮ್ಮದಿಯ ಸ್ಥಿತಿ ಇನ್ನೊಂದಿಲ್ಲ.

ಸಮುದ್ರಕ್ಕೆ ಕಾವಲಿದೆ

ಕರಾವಳಿ ಕಡೆ ಕಥೆ ಸ್ವಲ್ಪ ಬೇರೆ. 1983ರಲ್ಲಿ ಕುಂಬಳೆ ಅಳಿವೆಯ ಮರುವಾಯಿ ತಿಂದು ಕೆಲವರು ಆಸ್ಪತ್ರೆ ಸೇರಿದರು, ಒಬ್ಬ ಹುಡುಗ ತೀರಿಕೊಂಡ. ಆಗಿನ್ನೂ ಕಾಸರಗೋಡು ಜಿಲ್ಲೆ ಆಗಿರಲಿಲ್ಲ. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಕರುಣಾಸಾಗರ್ ದಂಪತಿ ಮತ್ತು ಜೊತೆಗಾರರು ಅದರ ಬೆನ್ನು ಹತ್ತಿ, ಮರುವಾಯಿಯಲ್ಲಿ ಪಾಚಿಯಿಂದ ಬಂದ ಪಾರ್ಶ್ವವಾಯು ವಿಷ ಇತ್ತೆಂದು ತೋರಿಸಿದರು. 1984ರಲ್ಲಿ ಅದು ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬಂತು. ಮರುವಾಯಿ ಸ್ವತಃ ಸಾಯುವುದಿಲ್ಲ. ನೀರು ಸೋಸಿ ಪಾಚಿ ತಿನ್ನುತ್ತಾ ವಿಷವನ್ನು ಒಳಗೆ ಸೇರಿಸಿಟ್ಟುಕೊಳ್ಳುತ್ತದೆ. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ಕೇರಳದ ವಿಳಿಂಞಂನಲ್ಲಿ 1997ರಲ್ಲಿ ಚಿಪ್ಪು ತಿಂದವರಲ್ಲಿ ಏಳು ಜನ ಸತ್ತರು, ನೂರಾರು ಜನ ಆಸ್ಪತ್ರೆಗೆ ಬಂದರು.

ಇಂಥವುಗಳ ನಡುವೆಯೇ ಸಮುದ್ರಕ್ಕೆ ಒಂದು ರಾಷ್ಟ್ರೀಯ ಏರ್ಪಾಡು ಬೆಳೆಯಿತು. ಕೊಚ್ಚಿಯ ಸಾಗರ ಜೀವಿ ಸಂಪನ್ಮೂಲ ಕೇಂದ್ರ 1990ರ ದಶಕದ ಕೊನೆಯಿಂದ ಹಡಗಿನಲ್ಲಿ ಹೋಗಿ ಪಾಚಿ ಉಕ್ಕುಗಳ ಲೆಕ್ಕ ಇಡುತ್ತಾ ಬಂದಿದೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ, ಸುನಾಮಿ ಎಚ್ಚರಿಕೆ ಕೊಡುವವರೇ, ಉಪಗ್ರಹದ ಚಿತ್ರ ನೋಡಿ ಪಾಚಿ ಉಕ್ಕಿನ ಮಾಹಿತಿ ಕೊಡುವ ಸೇವೆ ನಡೆಸುತ್ತಿದೆ. ಈಶಾನ್ಯ ಅರಬ್ಬಿ ಸಮುದ್ರ, ಕೇರಳ ಕರಾವಳಿ, ಮನ್ನಾರ್ ಕೊಲ್ಲಿ, ಒಡಿಶಾದ ಗೋಪಾಲಪುರ, ಈ ನಾಲ್ಕರ ಮೇಲೆ ಅವರ ವಿಶೇಷ ಕಣ್ಣು. 2020ರ ನವೆಂಬರ್‌ನಲ್ಲಿ ನಮ್ಮ ಉಡುಪಿ, ಕಾರವಾರದ ಕಡಲ ತೀರದಲ್ಲಿ ರಾತ್ರಿ ಅಲೆಗಳು ನೀಲಿಯಾಗಿ ಹೊಳೆದದ್ದು, ಜನ ಕಾರು ಮಾಡಿಕೊಂಡು ರೀಲ್ಸ್ ಮಾಡಲು ಹೋದದ್ದು ನೆನಪಿದೆಯಾ? ಅದು ನಾಕ್ಟಿಲ್ಯೂಕ. ಅದಕ್ಕೆ ವಿಷ ಇಲ್ಲ, ಆದರೆ ದಟ್ಟವಾಗಿ ಬೆಳೆದಾಗ ಅಮೋನಿಯಾ ಬಿಡುತ್ತದೆ, ಆಮ್ಲಜನಕ ತಿನ್ನುತ್ತದೆ, ಮೀನು ದೂರ ಹೋಗುತ್ತವೆ.

ಸಮುದ್ರಕ್ಕೆ ಒಂದು ಸಚಿವಾಲಯ, ಒಂದು ಸಂಸ್ಥೆ, ಒಂದು ವೆಬ್‌ಸೈಟ್ ಇದೆ ಅಂತಾಯಿತು. ಒಳನಾಡಿಗೆ? ತುಂಗಭದ್ರಾ ಜಲಾಶಯದ ಅಣೆಕಟ್ಟು ನೋಡಿಕೊಳ್ಳೋದು ತುಂಗಭದ್ರಾ ಮಂಡಳಿ. ನಾಲೆ ನೀರಾವರಿಯವರದು. ಹೊಳೆಯ ಗುಣಮಟ್ಟ ಮಾಲಿನ್ಯ ಮಂಡಳಿಯದು. ಮೀನು ಮೀನುಗಾರಿಕೆ ಇಲಾಖೆಯದು. ನಲ್ಲಿ ಸ್ಥಳೀಯ ಸಂಸ್ಥೆಯದು. ಕುಡಿದು ಹುಷಾರು ತಪ್ಪಿದರೆ ಆರೋಗ್ಯ ಇಲಾಖೆ, ಗೊಬ್ಬರಕ್ಕೆ ಕೃಷಿ ಇಲಾಖೆ. ಎಲ್ಲರೂ ತಮ್ಮ ತಮ್ಮ ಕೆಲಸ ಸರಿಯಾಗಿಯೇ ಮಾಡಿದರೂ ಪಾಚಿ ನಡುವಿನ ಸಂದಿಯಲ್ಲಿ ನುಸುಳಿ ಹೋಗುತ್ತದೆ. ಒಮ್ಮೆ ಒಂದು ಕೆರೆಯ ಅಂಚಿನಲ್ಲಿ ಹಸಿರು ಬಣ್ಣ ಬಳಿದ ಹಾಗೆ ಕೆನೆಗಟ್ಟಿದ್ದು ನೋಡಿ ನಾನೇ ಫೋನ್ ಮಾಡಿದ್ದೆ. ಮೂರು ನಂಬರ್ ಬದಲಾದವು. ಮೂರನೆಯವರು ಬಹಳ ಮರ್ಯಾದೆಯಿಂದ "ಮೇಡಂ, ಅಂತರಗಂಗೆ ಇದ್ರೆ ಹೇಳಿ, ತೆಗೆಸ್ತೀವಿ. ಬಣ್ಣಕ್ಕೆ ನಮ್ಮ ಹತ್ರ ಏನೂ ಇಲ್ಲ" ಅಂದರು. ನನಗೆ ಸಿಟ್ಟು ಬರಲಿಲ್ಲ. ಅಷ್ಟು ನಿಜ ಹೇಳುವವರು ಅಪರೂಪ.

ಬೇರೆಯವರು ಹೇಗೆ ಮಾಡಿಕೊಂಡರು

ಅಮೆರಿಕದವರು 1993ರಲ್ಲಿ ಸಮುದ್ರದ ಪಾಚಿ ವಿಷಗಳಿಗೆಂದೇ ಒಂದು ರಾಷ್ಟ್ರೀಯ ಯೋಜನೆ ಬರೆದರು. ಯಾವ ಸಂಶೋಧನೆ ಮೊದಲು, ಯಾರು ಅಳೆಯಬೇಕು ಎಲ್ಲ ಅದರಲ್ಲಿತ್ತು. 1998ರಲ್ಲಿ ಅದಕ್ಕೊಂದು ಕಾನೂನಾಯಿತು. ಕಾನೂನು ಅಂದರೆ ಶಿಕ್ಷೆ-ದಂಡದ್ದಲ್ಲ. ಇಲಾಖೆಗಳೆಲ್ಲ ಒಂದೇ ಮೇಜಿನ ಸುತ್ತ ಕೂರಬೇಕು, ಇಂತಿಷ್ಟು ಹಣ ಇದಕ್ಕೇ ಅಂತ ತೆಗೆದಿಡಬೇಕು ಅನ್ನುವ ಥರದ್ದು. 2005ರಲ್ಲಿ ಮುಂದಿನ ಹತ್ತು ವರ್ಷಕ್ಕೆ ಹೊಸ ಯೋಜನೆ ಬರೆದುಕೊಂಡರು. ಆದರೆ ಅವರೂ ಬಹುಕಾಲ ಸಮುದ್ರವನ್ನೇ ನೋಡುತ್ತಾ ಕೂತಿದ್ದರು. ಸಿಹಿನೀರಿನ ಹೊಣೆಯನ್ನು ಅಲ್ಲಿನ ಪರಿಸರ ಸಂಸ್ಥೆಗೆ ಸ್ಪಷ್ಟವಾಗಿ ವಹಿಸಿದ ತಿದ್ದುಪಡಿ ಬಂದದ್ದು 2014ರ ಜೂನ್ ಕೊನೆಯಲ್ಲಿ. ಸರಿಯಾಗಿ ಒಂದು ತಿಂಗಳಿಗೆ, ಆಗಸ್ಟ್ ಮೊದಲ ವಾರ, ಈರಿ ಸರೋವರದ ದಡದ ಟೊಲಿಡೊ ನಗರದ ನಲ್ಲಿ ನೀರಿನಲ್ಲಿ ಮೈಕ್ರೋಸಿಸ್ಟಿನ್ ಸಿಕ್ಕಿತು. ಸುಮಾರು ಐದು ಲಕ್ಷ ಜನಕ್ಕೆ "ನೀರು ಕುಡಿಯಬೇಡಿ, ಕುದಿಸಲೂ ಬೇಡಿ" ಅಂತ ಆದೇಶ. ಮೂರು ದಿನ.

ಕುದಿಸಲೂ ಬೇಡಿ ಅಂದದ್ದು ಯಾಕೆ ಅಂದರೆ, ಈ ವಿಷ ಕುದಿತಕ್ಕೆ ಬಗ್ಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ವಿಷ ಗಟ್ಟಿಯಾಗುತ್ತದೆ. ಅಜ್ಜಿ ಕಾಲದಿಂದ ನಾವು ನಂಬಿಕೊಂಡು ಬಂದ ಒಂದೇ ಒಂದು ಉಪಾಯ ಇಲ್ಲಿ ಉಲ್ಟಾ ಹೊಡೆಯುತ್ತದೆ.

ಅದಕ್ಕೂ ಏಳು ವರ್ಷ ಮೊದಲು, 2007ರಲ್ಲಿ, ಚೀನಾದ ತೈಹು ಸರೋವರದಲ್ಲಿ ಪಾಚಿ ಉಕ್ಕಿ ವುಕ್ಸಿ ನಗರದ 20 ಲಕ್ಷ ಜನ ಬಾಟಲಿ ನೀರಿಗೆ ಕ್ಯೂ ನಿಂತಿದ್ದರು.

ನನಗೆ ಇವೆಲ್ಲಕ್ಕಿಂತ ಹೆಚ್ಚು ಕಾಡುವುದು ಆಸ್ಟ್ರೇಲಿಯಾದ ಪಾಮ್ ದ್ವೀಪದ ಕಥೆ. 1979ರಲ್ಲಿ ಅಲ್ಲಿನ ಅಣೆಕಟ್ಟಿನ ನೀರು ಹಸಿರಾಗಿ ವಾಸನೆ ಬಂತು ಅಂತ ಜನ ದೂರಿದರು. ದೂರಿಗೆ ಬೆಲೆ ಕೊಟ್ಟು ನೀರಿಗೆ ಮೈಲುತುತ್ತ ಹಾಕಿದರು. ಪಾಚಿ ಸತ್ತಿತು. ಸಾಯುವಾಗ ಜೀವಕೋಶ ಒಡೆದು ಒಳಗಿದ್ದ ವಿಷವನ್ನೆಲ್ಲ ನೀರಿಗೆ ಬಿಟ್ಟಿತು. ಕೆಲವೇ ದಿನಗಳಲ್ಲಿ 148 ಜನ ಆಸ್ಪತ್ರೆಗೆ, ಹೆಚ್ಚಿನವರು ಮಕ್ಕಳು. ಮೈಲುತುತ್ತ ನಮ್ಮ ಕಡೆ ಅಡಿಕೆ ತೋಟದವರ ಮನೆಮನೆಯಲ್ಲೂ ಇರುತ್ತದೆ. ನೀರು ಹಸಿರಾಯಿತು ಅಂತ ಯಾರೋ ಉತ್ಸಾಹಿ ಒಂದು ಚೀಲ ತಂದು ಸುರಿಯುವುದು ಎಷ್ಟು ಹೊತ್ತಿನ ಕೆಲಸ? ಯೋಜನೆ ಬೇಕು ಅಂತ ನಾನು ಹೇಳುವುದು ಕಡತದ ಮೇಲಿನ ಪ್ರೀತಿಯಿಂದಲ್ಲ. ಗೊತ್ತಿಲ್ಲದೆ ಮಾಡುವ ಒಳ್ಳೆಯ ಕೆಲಸವೂ ಇಲ್ಲಿ ಜನರನ್ನು ಆಸ್ಪತ್ರೆಗೆ ಸೇರಿಸಬಲ್ಲದು.

ಹಾಗಾದರೆ ನಮ್ಮ ದೇಶಕ್ಕೆ ಎಂಥ ಯೋಜನೆ ಬೇಕು? ನನ್ನ ಲೆಕ್ಕ ಸರಳ. ಮೊದಲು ಮೈಕ್ರೋಸಿಸ್ಟಿನ್‌ಗೆ ಒಂದು ಅಂಕಿ ಬರಲಿ, ಉಳಿದದ್ದು ಅದರ ಹಿಂದೆ ತಾನಾಗಿ ಬರುತ್ತದೆ. ಕುಡಿಯುವ ನೀರು ಕೊಡುವ ಜಲಾಶಯ, ಕೆರೆಗಳನ್ನು ಫೆಬ್ರವರಿಯಿಂದ ಜೂನ್‌ವರೆಗೆ ತಿಂಗಳಿಗೊಮ್ಮೆ ಅಲ್ಲ, ವಾರಕ್ಕೊಮ್ಮೆ ನೋಡಲಿ. ನೋಡೋದು ಅಂದರೆ ಎಲ್ಲದಕ್ಕೂ ದುಬಾರಿ ಯಂತ್ರ ಬೇಕಿಲ್ಲ. ಒಂದು ಸೂಕ್ಷ್ಮದರ್ಶಕ, ಅದರಲ್ಲಿ ಮೈಕ್ರೋಸಿಸ್ಟಿಸ್ ಗುರುತಿಸಲು ಬರುವ ಒಬ್ಬರು ಇದ್ದರೆ ಅರ್ಧ ಕೆಲಸ ಆಯಿತು. ನಮ್ಮ ಊರಿನಲ್ಲೇ ವಿಶ್ವವಿದ್ಯಾಲಯ ಇದೆ, ಮೆಡಿಕಲ್ ಕಾಲೇಜುಗಳಿವೆ, ಪ್ರತಿ ವರ್ಷ ಎಂಎಸ್ಸಿ ಮುಗಿಸಿ ಬೆಂಗಳೂರಿಗೆ ಬಸ್ಸು ಹತ್ತುವ ಮಕ್ಕಳಿದ್ದಾರೆ. ವಿಷ ಅಳೆಯುವ ಲ್ಯಾಬ್ ಜಿಲ್ಲೆಗೊಂದು ಬೇಡ, ನದಿ ಕಣಿವೆಗೊಂದು ಸಾಕು.

ಉಪಗ್ರಹ ಅಂತೂ ಆಗಲೇ ತಲೆ ಮೇಲಿದೆ. ಯುರೋಪಿನ ಸೆಂಟಿನೆಲ್-2 ಐದು ದಿನಕ್ಕೊಮ್ಮೆ ನಮ್ಮ ಮೇಲೆ ಹಾದು ಹೋಗುತ್ತದೆ. ಅದರ ಚಿತ್ರದಲ್ಲಿ ಒಂದು ಚುಕ್ಕಿ ಅಂದರೆ 10 ಮೀಟರ್ ಚೌಕ. ಸುಮಾರು 250 ಎಕರೆಯ ಕುಂದವಾಡ ಕೆರೆಗೆ ಹತ್ತು ಸಾವಿರ ಚುಕ್ಕಿ ಸಿಗುತ್ತವೆ. ಚಿತ್ರಗಳು ಪುಕ್ಕಟೆ. ರಾತ್ರಿ ಮೀಟಿಂಗ್ ಮುಗಿದ ಮೇಲೆ ನಾನೇ ಲ್ಯಾಪ್‌ಟಾಪಿನಲ್ಲಿ ತೆಗೆದು ನೋಡುತ್ತೇನೆ. ತಿಂಗಳಿಂದ ತಿಂಗಳಿಗೆ ಬಣ್ಣ ಬದಲಾಗುವುದು ಬರಿಗಣ್ಣಿಗೇ ಕಾಣುತ್ತದೆ. ಬಣ್ಣ ಕಂಡರೆ ವಿಷ ಕಂಡಂತಲ್ಲ, ನಿಜ. ಆದರೆ ಯಾವತ್ತು ಬಾಟಲಿ ಹಿಡಿದು ಕೆರೆಗೆ ಹೋಗಬೇಕು ಅಂತ ಅದು ಹೇಳುತ್ತದೆ.

ಅಲ್ಲಿವರೆಗೆ ನೀವೇನು ಮಾಡಬಹುದು ಅಂತ ಕೇಳಿದರೆ, ಒಂದಿಷ್ಟು ಇದೆ. ನಿಮ್ಮೂರ ಕೆರೆ ಹಸಿರಾಗಿ ಕಂಡರೆ ಒಂದು ಕಡ್ಡಿ ಅದ್ದಿ ಎತ್ತಿ. ಕೂದಲಿನ ಹಾಗೆ ಎಳೆ ಎಳೆಯಾಗಿ ಜೋತುಬಿದ್ದರೆ ಅದು ಸಾಮಾನ್ಯ ಪಾಚಿ, ಹೆಚ್ಚು ಗಾಬರಿ ಬೇಡ. ಕಡ್ಡಿಗೆ ಬಣ್ಣ ಬಳಿದ ಹಾಗೆ ಅಂಟಿದರೆ ಅನುಮಾನ ಪಡಿ. ಕೈಗೆ ಗ್ಲೌಸ್ ಹಾಕಿಕೊಂಡು ಗಾಜಿನ ಬಾಟಲಿಯಲ್ಲಿ ಆ ನೀರನ್ನು ಮುಕ್ಕಾಲು ತುಂಬಿಸಿ, ರಾತ್ರಿಯಿಡೀ ಅಲ್ಲಾಡಿಸದೆ ಇಡಿ. ಬೆಳಿಗ್ಗೆ ಹಸಿರೆಲ್ಲ ತಳಕ್ಕೆ ಕೂತಿದ್ದರೆ ಬಹುತೇಕ ನಿರಪಾಯ. ಮೇಲೆ ಉಂಗುರ ಕಟ್ಟಿ ತೇಲುತ್ತಿದ್ದರೆ ನೀಲಿ-ಹಸಿರು ಪಾಚಿ ಇರುವ ಸಾಧ್ಯತೆ ಹೆಚ್ಚು, ಯಾಕೆಂದರೆ ಅದರ ಜೀವಕೋಶದೊಳಗೆ ಗಾಳಿ ಚೀಲಗಳಿರುತ್ತವೆ. ಅಂಥ ಕಡೆ ದನಕರು ಕುಡಿಯದ ಹಾಗೆ, ನಾಯಿ ಈಜದ ಹಾಗೆ, ಹುಡುಗರು ಇಳಿಯದ ಹಾಗೆ ನೋಡಿಕೊಳ್ಳಿ. ಬೋಟ್ಸ್‌ವಾನಾದಲ್ಲಿ 2020ರಲ್ಲಿ 300ಕ್ಕೂ ಹೆಚ್ಚು ಆನೆಗಳು ಸತ್ತಾಗ ಅಲ್ಲಿನ ಸರ್ಕಾರ ಕೊಟ್ಟ ಕಾರಣ ಕುಡಿಯುವ ಹೊಂಡದ ಪಾಚಿ ವಿಷವೇ. ಮನೆಯ ಯಂತ್ರದ ಮಾತಿಗೆ ಬಂದರೆ, ಇದ್ದಿಲಿನ ಫಿಲ್ಟರ್ ಮತ್ತು ಆರ್‌ಒ ಎರಡೂ ಇದ್ದು, ಕಾಲಕಾಲಕ್ಕೆ ಬದಲಾಯಿಸಿದ್ದರೆ ಮೈಕ್ರೋಸಿಸ್ಟಿನ್ ಬಹುಪಾಲು ಹೋಗುತ್ತದೆ. ಬರೀ ಯುವಿ ದೀಪದ ಯಂತ್ರ ನಂಬಬೇಡಿ. ಮನೆಯಲ್ಲಿ ಡಯಾಲಿಸಿಸ್ ರೋಗಿ ಇದ್ದರೆ, ಹೋಗುವ ಕಡೆ ಆ ಹಿಂದಿನ ಕೋಣೆ ತೋರಿಸಿ ಅಂತ ಒಮ್ಮೆ ಕೇಳಿ. ಕೇಳುವುದರಲ್ಲಿ ಅವಮಾನ ಏನಿಲ್ಲ. ನಮ್ಮ ಹುಡುಗ ಖುಷಿಯಿಂದ ತೋರಿಸಿದ.

ಇನ್ನು ಊಟದ ಮಾತು. ನಮ್ಮ ಸೋದರಮಾವನ ಗದ್ದೆ ಮಲೇಬೆನ್ನೂರು ಕಡೆ, ಭದ್ರಾ ನಾಲೆಯ ಕೆಳಗೆ. 50 ಕೆಜಿಯ ಒಂದು ಚೀಲ ಡಿಎಪಿಯಲ್ಲಿ ಸುಮಾರು 10 ಕೆಜಿ ಶುದ್ಧ ರಂಜಕ ಇರುತ್ತದೆ. ಒಂದು ಕೆಜಿ ರಂಜಕ ನೀರಿಗೆ ಬಿದ್ದರೆ ನೂರಾರು ಕೆಜಿ ಹಸಿ ಪಾಚಿಗೆ ಸಾಕು. ಸಬ್ಸಿಡಿಯಿಂದಾಗಿ ಚೀಲ 1,350 ರೂಪಾಯಿಗೆ ಸಿಗುತ್ತದೆ, ಹಾಗಾಗಿ ಇರಲಿ ಅಂತ ಒಂದು ಚೀಲ ಜಾಸ್ತಿ ಹಾಕೋದು ರೂಢಿ.

ಹೋದ ಹಬ್ಬಕ್ಕೆ ಊರಿಗೆ ಹೋದಾಗ ಕೇಳಿದೆ, "ಮಾವ, ಮಣ್ಣು ಪರೀಕ್ಷೆ ಮಾಡ್ಸಿದ್ರಾ?"

"ಮಾಡ್ಸಿವಮ್ಮ. ಕಾರ್ಡೂ ಕೊಟ್ಟಾರೆ. ಎಲ್ಲೈತೋ ಏನೋ."

ಅತ್ತೆ ಹುಡುಕಿ ತಂದರು. ದೇವರ ಮನೆಯ ಕ್ಯಾಲೆಂಡರ್ ಹಿಂದೆ, ಕರೆಂಟ್ ಬಿಲ್ಲುಗಳ ಜೊತೆ ಮಡಚಿಟ್ಟಿತ್ತು. ಸಾರಜನಕ: ಕಡಿಮೆ. ರಂಜಕ: ಹೆಚ್ಚು. ನಾನು ಪಾಚಿ, ಬ್ರೆಜಿಲ್, ದೊಡ್ಡಪ್ಪನ ಮಷೀನು ಎಲ್ಲ ಸೇರಿಸಿ ಕಾಲು ಗಂಟೆ ಹೇಳಿದೆ. ಮಾವ ಎಲೆ ಅಡಿಕೆ ಹಾಕಿಕೊಂಡು ಪೂರ್ತಿ ಕೇಳಿದರು. ಕೇಳಿ, "ಅಂದ್ರೆ ನಾನು ದುಡ್ಡು ಕೊಟ್ಟು ತಂದದ್ದು ಹೊಳಿ ಪಾಲಾಗ್ತೈತೆ ಅಂತ ತಾನೆ ನೀನು ಹೇಳೋದು?" ಅಂದರು. ಅಷ್ಟೇ ಅವರಿಗೆ ಬೇಕಾಗಿದ್ದದ್ದು.

ಈ ಬೇಸಿಗೆ ಬೆಳೆಗೆ ಎಕರೆಗೆ ಎರಡು ಚೀಲದ ಬದಲು ಒಂದೇ ಚೀಲ ಹಾಕಿದ್ದಾರೆ. ಅದೂ ಅರ್ಧ ಗದ್ದೆಗೆ ಮಾತ್ರ. ಉಳಿದರ್ಧಕ್ಕೆ ಹಳೇ ಲೆಕ್ಕವೇ. "ನೋಡಾಣ. ಇಳುವರಿ ಕಮ್ಮಿ ಆದ್ರೆ ಎಷ್ಟು ಕಮ್ಮಿ ಆತೋ ಅಷ್ಟು ದುಡ್ಡು ನಿನ್ನ ಹತ್ರಾನೇ ಇಸ್ಕಳ್ತೀನಿ" ಅಂದಿದ್ದಾರೆ. ಕೊಯ್ಲಿಗೆ ಇನ್ನೂ ಆರು ವಾರ ಇದೆ.